ಹೊಯ್ಸಳ ಗುಡಿಗಳ ಬೆಳಕು

ಹೊಯ್ಸಳ ಶಿಲ್ಪಶೈಲಿಗೆ ಆಧಾರ ಬಳಪದ ಕಲ್ಲು. ನೆಲದಿಂದ ತೆಗೆದ ಹೊಸತರಲ್ಲಿ ಉಳಿಗೆ ಸುಲಭವಾಗಿ ಮಣಿದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವ ಈ ಕಲ್ಲನ್ನು ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ಲಕ್ಕುಂಡಿ, ಇಟಗಿಗಳಲ್ಲಿ ಆಗಲೇ ಪಳಗಿಸಿಕೊಂಡಿದ್ದರು. ಈ ಕಲ್ಲಿನಲ್ಲಿ ಮೂರ್ತಿಯ ಹಿಂಬದಿಯನ್ನೂ ಕೊರೆದು ಬಿಡಿಸಬಹುದು. ಕೊರೆದ ಸಂದಿಯಲ್ಲಿ ಕತ್ತಲು ತುಂಬಿಕೊಳ್ಳುತ್ತದೆ. ಹಾರ, ಬಳೆ, ಬಳ್ಳಿಯ ಅಂಚುಗಳು ಅದರ ಎದುರು ಎದ್ದು ಕಾಣುತ್ತವೆ. ಹೊಯ್ಸಳ ಕಲೆಯನ್ನು ಹೊಗಳುವ ಮಾತು ಸಾಮಾನ್ಯವಾಗಿ ಕುಸುರಿಯಲ್ಲೇ ನಿಂತುಬಿಡುತ್ತದೆ. ಈ ಪರಂಪರೆಯ ಹೆಚ್ಚುಗಾರಿಕೆ ಇರುವುದು ಬೆಳಕನ್ನು ಹಂಚಿದ ಬಗೆಯಲ್ಲಿ. ಅದು ಸೋತಿರುವುದೂ ಅಲ್ಲಿಯೇ.

1117ರಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನ ಕಟ್ಟಿಸಿದ ಬೇಲೂರಿನ ಚೆನ್ನಕೇಶವ ಗುಡಿಯ ನವರಂಗ, ಎಂದರೆ ಕಂಬಗಳ ಮಂಟಪ, ಮೊದಲು ತೆರೆದಿತ್ತು. ಕಂಬಗಳ ನಡುವಿನ ಜಾಲಂಧ್ರಗಳು, ಎಂದರೆ ತೂತು ಕೊರೆದ ಕಲ್ಲಿನ ತೆರೆಗಳು, ಎರಡನೇ ಬಲ್ಲಾಳನ ಕಾಲದಲ್ಲಿ ಸೇರಿದವು. ಭದ್ರತೆಯ ದೃಷ್ಟಿ ಏನೇ ಇರಲಿ, ಇದರಿಂದ ಒಳಗಿನ ಅನುಭವವೇ ಬದಲಾಯಿತು. ಹೊರಗಿನ ಬಿಸಿಲು ತೂತುಗಳಲ್ಲಿ ಸೋಸಿ ಬಂದು, ತಿರುಗಣೆಗೆ ಹಿಡಿದಂಥ ಕಂಬಗಳ ನುಣುಪಾದ ಬಳೆಗಳ ಮೇಲೆ ಸಣ್ಣ ಗೆರೆಗಳಾಗಿ ಹೊಳೆಯುತ್ತದೆ. ಭುವನೇಶ್ವರಿ ಎಂಬ ನಡುವಿನ ಚಾವಣಿಗೆ ನೇರ ಬೆಳಕು ಸಿಗುವುದಿಲ್ಲ. ನೆಲಕ್ಕೆ ತಗುಲಿ ಮೇಲೇಳುವ ಬೆಳಕೇ ಅದಕ್ಕೆ ಆಸರೆ. ಆಚೆ ಗರ್ಭಗುಡಿಯ ಮುಂದಿನ ಕೋಣೆಯಾದ ಸುಕನಾಸಿ, ಅದರಾಚೆ ಗರ್ಭಗುಡಿಯ ಕತ್ತಲು. ಹೆಜ್ಜೆಹೆಜ್ಜೆಗೂ ಬೆಳಕು ಕುಗ್ಗುವ ಈ ದಾರಿಯಲ್ಲಿ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ದೀಪದ ಬೆಳಕಿನಲ್ಲಿ ಮೂರ್ತಿ ಕಾಣುವುದು ಆ ಹೊತ್ತು ಕಳೆದ ಮೇಲೆಯೇ.

ಬೇಲೂರಿನ ಮದನಿಕೆಯರೆಂಬ ಹೆಣ್ಣುಮೂರ್ತಿಗಳದು ಬೇರೆ ಲೆಕ್ಕ. ಹೊರಗಿನ ಮದನಿಕೆಯರನ್ನು ಸೂರಿನ ಕೆಳಗೆ ಮುಂದಕ್ಕೆ ಬಾಗಿಸಿ ನಿಲ್ಲಿಸಲಾಗಿದೆ. ನೆತ್ತಿಯ ಬಿಸಿಲನ್ನು ಸೂರು ತಡೆಯುತ್ತದೆ. ಬೆಳಗು ಮತ್ತು ಸಂಜೆಯ ಓರೆಬಿಸಿಲು ಮಾತ್ರ ಮುಖದವರೆಗೆ ಬರುತ್ತದೆ.

1196ರ ಅಮೃತಾಪುರದ ಗುಡಿಯ ತೆರೆದ ಮಂಟಪದಲ್ಲಿ ಬೆಳಕು ಧಾರಾಳ. ಅಲ್ಲಿ ದುಡಿದ ಶಿಲ್ಪಿ ಮಲ್ಲಿತಮ್ಮನ ಹೆಸರು 1258ರ ಸೋಮನಾಥಪುರದ ಗುಡಿಯಲ್ಲೂ ಸಿಗುತ್ತದೆ. ಸೋಮನಾಥಪುರದ ಮೂರು ವಿಮಾನಗಳಿಗೂ, ಎಂದರೆ ಶಿಖರ ಹೊತ್ತ ಗರ್ಭಗುಡಿಗಳಿಗೂ, ಹದಿನಾರು ಮೂಲೆಯ ನಕ್ಷತ್ರವೇ ತಳವಿನ್ಯಾಸ. ಮೂಲೆಯಿಂದ ಮೂಲೆಗೆ ನಕ್ಷೆ 22.5 ಡಿಗ್ರಿ ಹೊರಳುತ್ತದೆ. ಚಪ್ಪಟೆ ಗೋಡೆಯಾಗಿದ್ದರೆ ಇಡೀ ಮಗ್ಗುಲು ಒಟ್ಟಿಗೇ ಬಿಸಿಲಿಗೆ ಬಂದು ಒಟ್ಟಿಗೇ ನೆರಳಿಗೆ ಸರಿಯುತ್ತಿತ್ತು. ಇಲ್ಲಿ ಒಂದು ಮುಖ ಬೆಳಗುವಾಗ ಪಕ್ಕದ್ದು ಅರೆಬೆಳಕಿನಲ್ಲಿ, ಅದರ ಮಗ್ಗುಲಿನದು ನೆರಳಿನಲ್ಲಿ ಇರುತ್ತದೆ. ಗೋಡೆಯ ಮಡಿಕೆಗಳನ್ನೇ ಅನುಸರಿಸುವ ಜಗತಿ ಎಂಬ ಕಟ್ಟೆ ನೋಡುವವರನ್ನು ಗೋಡೆಗೆ ಹತ್ತಿರವೇ ನಡೆಸುತ್ತದೆ. ತಿರುವು ದಾಟಿದಂತೆ ಹಿಂದಿನ ಮೂರ್ತಿ ಮರೆಯಾಗಿ ಹೊಸದು ಎದುರಾಗುತ್ತದೆ. ಹೊಯ್ಸಳರ ವಾಸ್ತುಬುದ್ಧಿ ತುದಿ ಮುಟ್ಟಿದ್ದು ಈ ಗುಡಿಯಲ್ಲಿ.

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಬಗ್ಗೆ ಇದೇ ಮಾತನ್ನು ಪೂರ್ತಿಯಾಗಿ ಹೇಳಲಾಗದು. ಪಶ್ಚಿಮದ ಗೋಡೆಯ ದೊಡ್ಡ ವಿಗ್ರಹಗಳು ಭಾರತೀಯ ಶಿಲ್ಪದ ಶಿಖರಗಳಲ್ಲಿ ಸೇರುತ್ತವೆ. ಇಳಿಹೊತ್ತಿನ ಬಿಸಿಲಿನಲ್ಲಿ ಅವುಗಳ ಉಬ್ಬುತಗ್ಗು ಜೀವ ತಳೆಯುತ್ತದೆ. ಆದರೆ ಆನೆ, ಸಿಂಹ, ಬಳ್ಳಿ, ಕುದುರೆ ಸವಾರ, ಮಕರ, ಹಂಸಗಳ ಪಟ್ಟಿಕೆಗಳು ಒಂದರ ಮೇಲೊಂದು ಏರಿ, ನೆರಳು ಚೂರುಚೂರಾಗುತ್ತದೆ. ಕಣ್ಣಿಗೆ ತಂಗಲು ಬರಿಗಲ್ಲಿನ ಜಾಗವಿಲ್ಲ. ಹತ್ತು ಹೆಜ್ಜೆ ದೂರದಿಂದ ನೋಡಿದರೆ ಆ ಅಪಾರ ಶ್ರಮ ಒಂದೇ ಸಮನಾದ ಒರಟುತನವಾಗಿ ತೋರುತ್ತದೆ. ಬೇಲೂರಿಗಿಂತ ತುಸು ಹಿಂದಿನ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯಲ್ಲಿ ಗೋಡೆ ಸರಳ; ಮೆಟ್ಟಿಲುಮೆಟ್ಟಿಲಾದ ಶಿಖರಗಳ ನೆರಳು ಅಗಲವಾಗಿ, ನಿಚ್ಚಳವಾಗಿ ಬೀಳುತ್ತದೆ. ಅಲಂಕಾರ ಹೆಚ್ಚಿದಂತೆ ಈ ಗುಣವನ್ನು ಪರಂಪರೆ ಕೈಬಿಟ್ಟಿತು. ಅದು ನಿಜವಾದ ನಷ್ಟ.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅಲ್ಲಿ ಕಾಪಾಡಬೇಕಾದುದು ಕಲ್ಲನ್ನಷ್ಟೇ ಅಲ್ಲ, ಆ ಕಲ್ಲಿಗೆ ಶಿಲ್ಪಿಗಳು ಗೊತ್ತುಮಾಡಿದ ಬೆಳಕನ್ನೂ. ನವರಂಗದಲ್ಲಿ ಪ್ರಖರವಾದ ವಿದ್ಯುತ್ ದೀಪ ಹೊತ್ತಿಸಿದರೆ ಕೊರೆದ ಆಳ ಚಪ್ಪಟೆಯಾಗುತ್ತದೆ. ನೋಡಲು ಹೋಗುವವರು ಪೂರ್ವದ ಗೋಡೆಯನ್ನು ಬೆಳಿಗ್ಗೆ, ಪಶ್ಚಿಮದ್ದನ್ನು ಇಳಿಹೊತ್ತಿನಲ್ಲಿ ನೋಡಲಿ. ಒಳಗೆ ಹೋದಾಗ ಟಾರ್ಚ್ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಲಿ.