ಆಕಾಶದ ಕಣ್ಣು, ಹೊಲದ ಒಡೆಯ

ಬೆಂಗಳೂರಿನಲ್ಲಿ 2019ರಲ್ಲಿ ಸ್ಥಾಪಿತವಾದ ಪಿಕ್ಸೆಲ್ ಸಂಸ್ಥೆಯು ಉಪಗ್ರಹಗಳನ್ನು ನಿರ್ಮಿಸಿ, ಅವು ತೆಗೆದ ಭೂಚಿತ್ರಗಳನ್ನು ಮಾರುವ ಖಾಸಗಿ ಉದ್ಯಮ. ಅದರ ಮೊದಲ ಮೂರು ‘ಫೈರ್‌ಫ್ಲೈ’ ಉಪಗ್ರಹಗಳು 2025ರ ಜನವರಿಯಲ್ಲಿ ಅಮೆರಿಕದ ಸ್ಪೇಸ್‌ಎಕ್ಸ್ ರಾಕೆಟ್ಟಿನ ಮೂಲಕ ಕಕ್ಷೆ ಸೇರಿದವು. ಬೆಳಕನ್ನು ನೂರಕ್ಕೂ ಹೆಚ್ಚು ಪಟ್ಟಿಗಳಾಗಿ ಬೇರ್ಪಡಿಸಿ ನೋಡುವ ಇವು, ಬೆಳೆಯ ಬಳಲಿಕೆಯನ್ನು ಅದು ಕಣ್ಣಿಗೆ ಬೀಳುವ ಮುನ್ನವೇ ಗುರುತಿಸಲು ನೆರವಾಗುತ್ತವೆ. ಸಾಧನೆ ಶ್ಲಾಘನೀಯವೇ ಸರಿ. ಅದರ ಫಲ ಯಾರಿಗೆ ಸಲ್ಲುತ್ತದೆಂಬುದು ವಿಚಾರಾರ್ಹ.

ಈ ಚಿತ್ರದ ಒಂದು ಬಿಂದುವೆಂದರೆ ನೆಲದ ಮೇಲೆ 5 ಮೀಟರ್ ಉದ್ದ, 5 ಮೀಟರ್ ಅಗಲ. ಗುಂಟೆಗೆ ಸುಮಾರು ನಾಲ್ಕು ಬಿಂದು. ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಹೋಬಳಿಯಲ್ಲಿ ಒಂದೆಕರೆ ರಾಗಿ ಬೆಳೆದವರ ಹೊಲವೂ ಅಲ್ಲಿ ಸುಮಾರು 160 ಬಿಂದುಗಳಾಗಿ ಮೂಡಬಲ್ಲದು. ಆ ಫಸಲಿನ ಸ್ಥಿತಿ ಬೆಳೆದವರಿಗಿಂತ ಮೊದಲು ವರ್ತಕನಿಗೋ ಸಾಲ ಕೊಟ್ಟವನಿಗೋ ತಿಳಿದುಬಿಟ್ಟರೆ ವ್ಯವಹಾರದಲ್ಲಿ ಸೋಲುವವರಾರು?

ವಿಶ್ವಸಂಸ್ಥೆ 1986ರಲ್ಲಿ ಅಂಗೀಕರಿಸಿದ ದೂರಸಂವೇದನಾ ತತ್ತ್ವಗಳು, ಚಿತ್ರಿತವಾದ ರಾಷ್ಟ್ರಕ್ಕೆ ತನ್ನ ನೆಲದ ಮಾಹಿತಿಯು ತಾರತಮ್ಯವಿಲ್ಲದೆ, ನ್ಯಾಯವಾದ ವೆಚ್ಚದಲ್ಲಿ ದೊರೆಯಬೇಕೆನ್ನುತ್ತವೆ. ಅವು ರಾಷ್ಟ್ರಗಳನ್ನು ಕುರಿತು ಮಾತನಾಡುತ್ತವೆ. ಹೊಲದ ಒಡೆಯನ ಪ್ರಸ್ತಾಪ ಅಲ್ಲಿಲ್ಲ.

ಹೊಲದಿಂದ ಹೊಮ್ಮಿದ ಬೆಳಕು ಯಾರ ಸ್ವತ್ತೂ ಅಲ್ಲವೆಂಬ ವಾದವುಂಟು. ಒಪ್ಪೋಣ. ಆದರೆ ಆ ಬೆಳಕಿಗೆ ಬೆಲೆ ಕಟ್ಟಿ ಮಾರಿದ ಮೇಲೆ, ಹೊಲವನ್ನು ಹಸನು ಮಾಡಿದವರಿಗೆ ಅದರಲ್ಲಿ ಏನೂ ಪಾಲಿಲ್ಲವೆನ್ನುವುದು ನ್ಯಾಯವಲ್ಲ. ಅವರು ಹಣ ಕೇಳುವುದಿಲ್ಲ. ತಮ್ಮ ಬೆಳೆಯ ಸುದ್ದಿ ಕೊಳ್ಳುವವನನ್ನು ತಲುಪುವ ಮೊದಲು, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ, ಕನ್ನಡದಲ್ಲಿ, ತಮಗೆ ದೊರೆತರೆ ಸಾಕು. ಇಷ್ಟನ್ನು ನಿಯಮವಾಗಿಸುವುದು ರಾಕೆಟ್ಟು ಹಾರಿಸುವುದಕ್ಕಿಂತ ಕಠಿಣವೇನಲ್ಲ.