ಅಮ್ಮನ ಪ್ರಾಜೆಕ್ಟು, ಮಗುವಿನ ಅಂಕ

ರಾತ್ರಿ ಎಂಟೂವರೆಯ ಸುಮಾರಿಗೆ ಬಸವೇಶ್ವರನಗರದ ಯಾವುದಾದರೂ ಸ್ಟೇಷನರಿ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತು ನೋಡಿ. ಒಲೆಯ ಮೇಲಿನ ಸಾರನ್ನು ಅರ್ಧಕ್ಕೆ ಬಿಟ್ಟು, ನೈಟಿಯ ಮೇಲೊಂದು ದುಪಟ್ಟಾ ಎಳೆದುಕೊಂಡು ಓಡಿ ಬಂದ ತಾಯಂದಿರು ಅಲ್ಲಿ ಸಿಗುತ್ತಾರೆ. "ಥರ್ಮೋಕೋಲ್ ಇದ್ಯಾ? ನಾಳೆಗೇ ಬೇಕಂತೆ." ಅಂಗಡಿಯವರಿಗೆ ಗಾಬರಿಯಿಲ್ಲ. "ಯಾವ ಕ್ಲಾಸು ಮೇಡಂ? ಮೂರನೇದಾ? ಹಾಗಾದ್ರೆ ‘ನಮ್ಮ ಸಹಾಯಕರು’ ಇರಬೇಕು" ಎನ್ನುತ್ತ ಒಂದು ಅಚ್ಚಾದ ಹಾಳೆ ತೆಗೆದು ಕೊಡುತ್ತಾರೆ. ಅದರಲ್ಲಿ ಅಂಚೆಯವನು, ಪೊಲೀಸು, ವೈದ್ಯ, ದರ್ಜಿ ಎಲ್ಲರೂ ಸಾಲಾಗಿ ನಿಂತಿದ್ದಾರೆ. ಕತ್ತರಿಸುವುದು, ಅಂಟಿಸುವುದು, ಕೆಳಗೆ ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆಯುವುದು. ಪಠ್ಯಕ್ರಮ ನಮಗಿಂತ ಅಂಗಡಿಯವರಿಗೇ ಚೆನ್ನಾಗಿ ಗೊತ್ತು ಎಂದು ನಾವು ಶಿಕ್ಷಕಿಯರು ನಗುವುದುಂಟು.

ಹಾಗೆ ತಯಾರಾದದ್ದು ಮರುದಿನ ನಮ್ಮ ಮೇಜಿಗೆ ಬರುತ್ತದೆ. ಹತ್ತಿಯ ಮೋಡ, ಐಸ್‌ಕ್ರೀಮ್ ಕಡ್ಡಿಯ ಗುಡಿಸಲು, ಕ್ರೇಪ್ ಕಾಗದದ ಕಾಡು, ಅದರೊಳಗೆ ಪ್ಲಾಸ್ಟಿಕ್ ಹುಲಿ. ಮಗು ಅದನ್ನು ಎರಡೂ ಕೈಯಲ್ಲಿ, ಬೇರೆ ಯಾರದೋ ಮನೆಯ ಗಾಜಿನ ಸಾಮಾನು ಹಿಡಿದಂತೆ ಹಿಡಿದು ತರುತ್ತದೆ. ತರುವ ರೀತಿಯಲ್ಲೇ ಗೊತ್ತಾಗುತ್ತದೆ, ಅದು ತನ್ನದಲ್ಲ ಎಂದು. "ಇದೇನು ಪುಟ್ಟಾ?" ಎಂದು ಕೇಳಿದರೆ, "ಅಮ್ಮನ್ನ ಕೇಳಿಕೊಂಡು ಬರ್ತೀನಿ ಮಿಸ್" ಎಂದ ಹುಡುಗನೂ ಉಂಟು.

ಎಲ್ಲ ತಾಯಂದಿರೂ ಗೊಣಗುತ್ತಲೇ ಮಾಡುತ್ತಾರೆ ಎಂದಲ್ಲ. ಮದುವೆಗೆ ಮುಂಚೆ ಚೆನ್ನಾಗಿ ಚಿತ್ರ ಬರೆಯುತ್ತಿದ್ದು ಆಮೇಲೆ ಕುಂಚ ಮುಟ್ಟದ ಹೆಂಗಸೊಬ್ಬರು ಮಗನ ‘ಹಳೇಬೀಡು’ ಪ್ರಾಜೆಕ್ಟಿಗೆ ಸಾಬೂನಿನಲ್ಲಿ ಎಂಥ ಕೆತ್ತನೆ ಮಾಡಿ ಕಳಿಸಿದ್ದರು ಎಂದರೆ, ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೈಗೆ ತೆಗೆದುಕೊಂಡು ನೋಡಿದೆವು. ಆಕೆಯ ಪ್ರದರ್ಶನವಿದ್ದರೆ ಮೊದಲು ಹೋಗಿ ನೋಡುವವಳು ನಾನೇ. ಆದರೆ ಪುಸ್ತಕದಲ್ಲಿ ಅಂಕ ಬರೆಯಬೇಕಾದದ್ದು ಅವರ ಮಗನ ಹೆಸರಿನ ಮುಂದೆ!

ಈ ಪ್ರಾಜೆಕ್ಟು ಎಂಬುದು ಹುಟ್ಟುವಾಗ ಹೀಗಿರಲಿಲ್ಲ. ಬಿ.ಎಡ್. ಓದಿದವರಿಗೆಲ್ಲ ‘ಯೋಜನಾ ಪದ್ಧತಿ’ ಎಂಬ ಹೆಸರೂ ವಿಲಿಯಂ ಕಿಲ್‌ಪ್ಯಾಟ್ರಿಕ್ ಎಂಬ ಹೆಸರೂ ಬಾಯಿಪಾಠ. ಅಮೆರಿಕದ ಈ ಪ್ರಾಧ್ಯಾಪಕ 1918ರಲ್ಲಿ ಇದರ ಬಗ್ಗೆ ಬರೆದಾಗ ಒತ್ತಿ ಹೇಳಿದ್ದು ಒಂದೇ ಮಾತು: ಕೆಲಸದ ಉದ್ದೇಶ ಮಗುವಿನದಾಗಿರಬೇಕು, ಅದು ಮನಸ್ಸಿಟ್ಟು ಮಾಡುವಂಥದ್ದಾಗಿರಬೇಕು. ನಾವು ಉದ್ದೇಶವನ್ನು ಶಾಲೆಗೆ ಕೊಟ್ಟೆವು, ಮನಸ್ಸಿಡುವುದನ್ನು ತಾಯಿಗೆ ಕೊಟ್ಟೆವು, ಹೊತ್ತು ತರುವುದನ್ನು ಮಾತ್ರ ಮಗುವಿಗೆ ಉಳಿಸಿದೆವು. ನಮ್ಮಲ್ಲೇ 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸದ ಮೂಲಕ ಕಲಿಸಬೇಕೆಂದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳ ಕಲಿಕೆಯಲ್ಲಿ ತಮ್ಮದೇ ಪ್ರಯೋಗಗಳನ್ನು ನಡೆಸಿದರು. ಇನ್ನು 1993ರಲ್ಲಿ ಪ್ರೊಫೆಸರ್ ಯಶಪಾಲ್ ಸಮಿತಿ ಕೊಟ್ಟ ವರದಿಯಂತೂ ಪ್ರಾಥಮಿಕ ತರಗತಿಗಳಿಗೆ ಮನೆಗೆಲಸವೇ ಬೇಡ, ಕೊಡುವುದಾದರೆ ಮನೆಯ ಸುತ್ತಮುತ್ತ ನೋಡಿ ಹುಡುಕುವ ಕೆಲಸ ಕೊಡಿ ಎಂದಿತು. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೂ ಮಗು ಚಟುವಟಿಕೆಯಿಂದ, ಅನ್ವೇಷಣೆಯಿಂದ ಕಲಿಯಬೇಕೆಂದು ಬರೆದಿದೆ. ಅದರ ಬೆನ್ನಿಗೇ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು, ಪ್ರಾಜೆಕ್ಟಿಗೂ ಅಂಕ ಬಂತು. ಅಂಕ ಬಂದಮೇಲೆ ಕೇಳಬೇಕೇ? ಅಂಗಡಿಗಳಲ್ಲಿ ಅಚ್ಚಿನ ಹಾಳೆಯ ರಾಶಿ ಏರಿತು.

ಒಳ್ಳೆಯ ಚಟುವಟಿಕೆ ಹೇಗಿರುತ್ತದೆ ಎಂದು ನಾನು ತಿಳಿದದ್ದು ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಣ್ಣುಮಗಳ ದೂರಿನಿಂದ. ಅವಳ ಮಗಳು ವಿಜಯನಗರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ. "ಸ್ಕೂಲಿಗೆ ಸೇರ್ಸಿ ಮೂರು ತಿಂಗಳಾಯ್ತಕ್ಕಾ, ಇನ್ನೂ ಅ ಆ ಇ ಈ ಬರಲ್ಲ. ರ ಗ ಸ ಅಂತ ಏನೇನೋ ಅಂತಾಳೆ" ಎಂದಳು. ಅದು ‘ನಲಿ ಕಲಿ’. ಆ ಪದ್ಧತಿಯಲ್ಲಿ ವರ್ಣಮಾಲೆಯ ಕ್ರಮವಿಲ್ಲ; ಮೊದಲು ರ, ಗ, ಸ, ದ, ಅ. ಮಗುವನ್ನು ಕೂರಿಸಿಕೊಂಡು ಸ್ಲೇಟು ಕೊಟ್ಟೆ. ಸರ ಎಂದು ಬರೆದಳು. ಅರಸ ಎಂದು ಬರೆದಳು. ಅಗಸ, ದಸರ. ಆಮೇಲೆ ಸ್ವಲ್ಪ ಯೋಚಿಸಿ, ನಾಲಿಗೆ ಹೊರಗೆ ಚಾಚಿಕೊಂಡು, ಗರಗಸ! ಐದೇ ಅಕ್ಷರ, ಅಷ್ಟರಲ್ಲಿ ಮಗುವಿನ ಕೈಯಲ್ಲಿ ಒಬ್ಬ ರಾಜ, ಒಂದು ಹಬ್ಬ, ಒಂದು ಆಯುಧ. ಅದೇ ಅ ಆ ಇ ಈ ಉ ಎಂದು ಹೋಗಿದ್ದರೆ ಐದು ಅಕ್ಷರದಲ್ಲಿ ಎಷ್ಟು ಮಾತು ಕಟ್ಟಬಹುದು, ನೀವೇ ಕೂತು ನೋಡಿ.

ನಲಿ ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅಲ್ಲಿಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿಕೊಂಡು ಬಂದು, ಯುನಿಸೆಫ್ ನೆರವಿನಲ್ಲಿ ತಮ್ಮ ಮಕ್ಕಳಿಗೆ ಬೇಕಾದ ಕಾರ್ಡುಗಳನ್ನು ತಾವೇ ಬರೆದುಕೊಂಡರು. ಪಾಠದ ಬದಲು ಕಲಿಕಾ ಏಣಿ, ಏಣಿಯಲ್ಲಿ ಮೈಲಿಗಲ್ಲುಗಳು. ಒಂದು ಗುಂಪಿಗೆ ಶಿಕ್ಷಕಿಯ ಪೂರ್ತಿ ಸಹಾಯ, ಇನ್ನೊಂದಕ್ಕೆ ಅರ್ಧ, ಮತ್ತೊಂದಕ್ಕೆ ಜೊತೆಯ ಮಕ್ಕಳದೇ ಸಹಾಯ, ಕೊನೆಯ ಗುಂಪು ತಾನೇ ಕಲಿಯುವಂಥದ್ದು. ಜ್ವರ ಬಂದು ವಾರ ಮಲಗಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹತ್ತಬಹುದು. ಕೋಣೆಯ ಉದ್ದಕ್ಕೂ ದಾರ ಕಟ್ಟಿ ‘ಚಪ್ಪರ’ ಮಾಡಿ, ಮಕ್ಕಳು ಬರೆದದ್ದನ್ನೆಲ್ಲ, ಸೊಟ್ಟಗಿದ್ದರೂ ಸರಿ, ತೂಗುಬಿಡುತ್ತಾರೆ. ನನಗೆ ತುಂಬ ಹಿಡಿಸಿದ್ದು ಅದು.

ಹಾಗೆಂದು ಅದರಲ್ಲಿ ಹುಳುಕಿಲ್ಲವೆಂದಲ್ಲ. 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಅದನ್ನು ತಂದಾಗ ಕಾರ್ಡು ಮೇಲಿನಿಂದ ಅಚ್ಚಾಗಿ ಬಂತು. ಕೋಟೆಯ ಶಿಕ್ಷಕರು ಕೂತು ಬರೆದದ್ದು ಕಾರ್ಡನ್ನಷ್ಟೇ ಅಲ್ಲ, ತಮ್ಮ ತಲೆಯನ್ನೂ ಬಳಸಿದ್ದರು. ಅದು ಅಚ್ಚಾಗಿ ಬರುವುದಿಲ್ಲ. ಮೂರು ತರಗತಿಯ ಮಕ್ಕಳನ್ನು ಒಬ್ಬಳೇ ಹಿಡಿದುಕೊಂಡು, ಪ್ರತಿ ಮಗುವಿನ ಮೆಟ್ಟಿಲನ್ನೂ ಗುರುತು ಹಾಕಬೇಕಾದ ಶಿಕ್ಷಕಿ ಕೊನೆಗೆ ಗುರುತನ್ನೇ ಹಾಕುತ್ತ ಕೂರುವುದೂ ಉಂಟು. ಆದರೂ ಅಲ್ಲಿನ ಒಂದು ಗುಣಕ್ಕೆ ನಾನು ಕೈಮುಗಿಯುತ್ತೇನೆ. ಅಲ್ಲಿ ಚಟುವಟಿಕೆ ಶಾಲೆಯಲ್ಲೇ ಆಗುತ್ತದೆ. ಮನೆಗೆ ಹೋಗಿ ಅಮ್ಮನ ಕೊರಳಿಗೆ ಬೀಳುವುದಿಲ್ಲ.

ನಾನಿರುವುದು ಖಾಸಗಿ ಶಾಲೆಯಲ್ಲಿ. ನಮ್ಮಲ್ಲಿ ಬೀಳುತ್ತದೆ. ನಾಲ್ಕನೇ ತರಗತಿಗೆ ಒಂದು ವರ್ಷ ‘ನದಿಗಳು’ ಎಂಬ ಪ್ರಾಜೆಕ್ಟು. ಗಂಗೆ ನೀಲಿ ಗ್ಲಿಟರಿನಲ್ಲಿ ಹರಿದಳು, ಬ್ರಹ್ಮಪುತ್ರ ಹಸಿರು ರಿಬ್ಬನ್ನಿನಲ್ಲಿ. ನಲವತ್ತು ಚಾರ್ಟಿನಲ್ಲಿ ಒಂದರಲ್ಲೂ ವೃಷಭಾವತಿ ಇರಲಿಲ್ಲ. ಆ ಮಕ್ಕಳು ಅದನ್ನು ದಿನವೂ ದಾಟುತ್ತಾರೆ! ಗಾಳಿ ಆಂಜನೇಯನ ಗುಡಿಗೆ ಹೋಗುವಾಗ, ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆ ಅಜ್ಜಿಯ ಮನೆಗೆ ಹೋಗುವಾಗ ಮೂಗು ಮುಚ್ಚಿಕೊಳ್ಳುತ್ತಾರೆ. ಅವರ ಪಾಲಿಗೆ ಅದು ‘ದೊಡ್ಡ ಮೋರಿ’. ನಾವು ಪಾತ್ರೆ ತೊಳೆದ ನೀರು ಅದರಲ್ಲಿ ಸೇರಿ ಬೈರಮಂಗಲದ ಕೆರೆಗೆ ಹೋಗಿ ಮುಂದೆ ಅರ್ಕಾವತಿಯನ್ನು ಕೂಡುತ್ತದೆ ಎಂದಾಗ ಒಬ್ಬ ಹುಡುಗಿ, "ಮಿಸ್, ಹಾಗಾದ್ರೆ ನಮ್ಮನೆ ಸೋಪು ಅಲ್ಲಿವರೆಗೂ ಹೋಗುತ್ತಾ?" ಎಂದಳು. ಆ ಪ್ರಶ್ನೆಯೇ ಪ್ರಾಜೆಕ್ಟಾಗಬೇಕಿತ್ತು.

ಆ ನಲವತ್ತು ಚಾರ್ಟಿನ ಲೆಕ್ಕದಲ್ಲಿ ಸೇರದ ಮಕ್ಕಳು ನಾಲ್ವರು. ಅವರು ತಂದೇ ಇರಲಿಲ್ಲ. ಅವರಲ್ಲಿ ಒಬ್ಬಳು ಕಾಮಾಕ್ಷಿಪಾಳ್ಯದಿಂದ ಬರುತ್ತಿದ್ದಳು. ತಾಯಿ ಗಾರ್ಮೆಂಟ್ಸಿನಲ್ಲಿ, ಮನೆ ಸೇರಿ ಅಡುಗೆ ಮುಗಿಸುವ ಹೊತ್ತಿಗೆ ಅಂಗಡಿಯ ಬಾಗಿಲು ಮುಚ್ಚಿರುತ್ತದೆ. ತಂದೆಯ ಮಾತು ಹುಡುಗಿ ಎತ್ತುತ್ತಿರಲಿಲ್ಲ, ನಾನೂ ಕೇಳಲಿಲ್ಲ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ಸೊನ್ನೆ. ಹಿಂದಿನ ಪುಟ ತಿರುವಿದರೆ ‘ಸಾರಿಗೆ’ಗೂ ಸೊನ್ನೆ, ‘ನಮ್ಮ ಸಹಾಯಕರು’ಗೂ ಸೊನ್ನೆ. ಪ್ರಾಜೆಕ್ಟು ತರುವ ದಿನಗಳಲ್ಲಿ ಅವಳಿಗೆ ಹೊಟ್ಟೆನೋವು ಬರುತ್ತಿತ್ತೆಂದು ಹಾಜರಿ ಪುಸ್ತಕ ನೋಡಿದರೆ ತಿಳಿಯುತ್ತಿತ್ತು. ಇಡೀ ಮೈಸೂರು ರಸ್ತೆಗೆ ಬಟ್ಟೆ ಹೊಲಿಯುವ ತಾಯಿಯ ಮಗಳು, ಅಂಗಡಿ ಹಾಳೆಯಲ್ಲಿನ ದರ್ಜಿಯ ಚಿತ್ರ ಅಂಟಿಸಲಿಲ್ಲವೆಂದು ಸೊನ್ನೆ ಪಡೆಯುವುದನ್ನು ಏನೆನ್ನಬೇಕು? ಆ ಅಂಕ ಅಳೆಯುವುದು ತಾಯಿಯ ಬಿಡುವನ್ನು, ತಾಯಿಯ ಪರ್ಸನ್ನು. ಮಗುವಿನ ತಲೆಯ ಹತ್ತಿರಕ್ಕೂ ಹೋಗುವುದಿಲ್ಲ.

ಇದನ್ನು ಹೀಗೆಯೇ ಮೀಟಿಂಗಿನಲ್ಲಿ ಹೇಳಿದೆ. "ನೀವು ಹೇಳೋದು ಸರಿ, ಆದರೆ ಪೇರೆಂಟ್ಸ್ ಬಂದಾಗ ಗೋಡೆ ಮೇಲೆ ತೋರಿಸೋಕೆ ಏನಾದರೂ ಬೇಕಲ್ಲ" ಎಂಬ ಉತ್ತರ ಬಂತು. ಗೋಡೆಗಾಗಿ ಮಕ್ಕಳೋ, ಮಕ್ಕಳಿಗಾಗಿ ಗೋಡೆಯೋ! ಇದೇ ಕಟ್ಟಡದ ತಾರಸಿಯ ಮಳೆನೀರು ಕೊಳವೆಯಿಂದ ನೇರ ಚರಂಡಿಗೆ ಬೀಳುತ್ತದೆ. ಕೆಳಗಿನ ಹಾಲಿನಲ್ಲಿ ವರ್ಷವೂ ಥರ್ಮೋಕೋಲಿನ ‘ಮಳೆನೀರು ಕೊಯ್ಲು’ ಮಾದರಿಗೆ ಬಹುಮಾನ. ಅಂತೂ ವಾದದ ಕೊನೆಗೆ, ಒಂದು ತಿಂಗಳ ಪ್ರಾಜೆಕ್ಟನ್ನು ನನ್ನ ಇಷ್ಟದಂತೆ ಮಾಡಿಸಲು ಒಪ್ಪಿಗೆ ಸಿಕ್ಕಿತು, ಖರ್ಚಿಲ್ಲದಿದ್ದರೆ ಎಂಬ ಷರತ್ತಿನ ಮೇಲೆ.

ಖರ್ಚು ಒಂದು ಹಾಳೆ, ಒಂದು ಪೆನ್ಸಿಲು. ಕೇಳಿದ್ದು ಇಷ್ಟೇ: ನಿಮ್ಮ ಮನೆಗೆ ನೀರು ಎಲ್ಲಿಂದ, ಯಾವ ವಾರ, ಎಷ್ಟು ಹೊತ್ತಿಗೆ ಬರುತ್ತದೆ? ಯಾರು ಹಿಡಿದಿಡುತ್ತಾರೆ? ಎಷ್ಟು ಬಿಂದಿಗೆ? ಕನ್ನಡವೋ ಇಂಗ್ಲಿಷೋ, ತಿಳಿದ ಹಾಗೆ ಬರೆಯಿರಿ. ಮನೆಯಲ್ಲಿ ನೋಡಿಕೊಂಡು ಬಂದು ತರಗತಿಯಲ್ಲೇ ಬರೆಯಿರಿ. ಎಷ್ಟೋ ಮಕ್ಕಳು ‘ಟ್ಯಾಂಕಿನಿಂದ’ ಎಂದು ಒಂದೇ ಮಾತು ಬರೆದು ಕೂತರು. ಟ್ಯಾಂಕಿಗೆ? ‘ಸಂಪಿನಿಂದ.’ ಸಂಪಿಗೆ? ತಲೆ ಕೆರೆದುಕೊಂಡರು. ದೊಡ್ಡ ಮನೆಯ ಮಕ್ಕಳಿಗೆ ನೀರು ಗೋಡೆಯೊಳಗಿಂದ ಹುಟ್ಟುತ್ತದೆ. ಕಾಮಾಕ್ಷಿಪಾಳ್ಯದ ಹುಡುಗಿ ತಲೆಯೆತ್ತದೆ ಬರೆದಳು. ವಾರಕ್ಕೆ ಎರಡು ದಿನ, ಬೆಳಗಿನ ಜಾವ ನಾಲ್ಕೂವರೆಗೆ ಬೀದಿ ನಲ್ಲಿ, ಹದಿನಾಲ್ಕು ಬಿಂದಿಗೆ, ಮೊದಲ ಎರಡು ಬಿಂದಿಗೆ ಕೆಂಪು, ಅದು ಬಟ್ಟೆಗೆ, ಅಮ್ಮ ಎತ್ತುತ್ತಾಳೆ, ತಾನು ಸಾಲಿನಲ್ಲಿ ಜಾಗ ಹಿಡಿಯುತ್ತಾಳೆ, ಬಿಂದಿಗೆಗೆ ಎಷ್ಟು ಲೀಟರು ಎಂದು ಸೀಸೆಯಲ್ಲಿ ಅಳೆದು ನೋಡಿದ್ದಾಳೆ. ಒಂದೂವರೆ ಪುಟ.

ಅವಳ ಹಾಳೆಯನ್ನು ಓದಿಸಿದ ಮೇಲೆ ತರಗತಿಯೇ ಬೇರೆಯಾಯಿತು. ಆ ನೀರು ಇಲ್ಲಿಗೆ ಬರುವ ಮೊದಲು ಎಲ್ಲಿತ್ತು ಎಂದು ಅವರೇ ಕೇಳತೊಡಗಿದರು. ಸುಮಾರು ನೂರು ಕಿಲೋಮೀಟರು ದೂರದ ಕಾವೇರಿಯನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪು ಮಾಡಿ ಮೇಲಕ್ಕೆತ್ತುತ್ತಾರೆ ಎಂದೆ. 1974ರಲ್ಲಿ ಕಾವೇರಿ ಬರುವ ಮುಂಚೆ ಊರು ನಂಬಿದ್ದು, 1933ರಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯವನ್ನು ಎಂದೆ. "ಅರ್ಕಾವತಿ ಅಂದ್ರೆ, ನಮ್ಮ ಮೋರಿ ಹೋಗಿ ಸೇರುತ್ತಲ್ಲ, ಅದೇನಾ ಮಿಸ್?" ಎಂದ ಹಿಂದಿನ ಬೆಂಚಿನ ಹುಡುಗ. ಅದೇ ನದಿ, ಇನ್ನೂ ಕೆಳಗೆ ಹೋಗಿ ಕೂಡುತ್ತದೆ ಎಂದೆ. ಅಲ್ಲಿಂದ ಮೂರು ದಿನ ಗಣಿತದ ಅವಧಿಯೂ ನೀರಿಗೇ ಹೋಯಿತು: ಬಿಂದಿಗೆಯನ್ನು ಲೀಟರಿಗೆ ತಿರುಗಿಸುವುದು, ತಲೆಗೆಷ್ಟು ಬಂತೆಂದು ಭಾಗಿಸುವುದು. ಹದಿನಾಲ್ಕು ಬಿಂದಿಗೆಯ ಮನೆಗೂ ಸಂಪಿನ ಮನೆಗೂ ಇರುವ ವ್ಯತ್ಯಾಸ ಹಲಗೆಯ ಮೇಲೆ ಅಂಕಿಯಾಗಿ ಬಂದಾಗ ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. ನಾನೂ ಏನೂ ಹೇಳಲಿಲ್ಲ.

ಪೋಷಕರ ಸಭೆಯ ದಿನ ಗೋಡೆಗೆ ಏನೂ ಅಂಟಿಸಲಿಲ್ಲ. ನಲಿ ಕಲಿಯವರಂತೆ ಕಿಟಕಿಯಿಂದ ಕಿಟಕಿಗೆ ದಾರ ಕಟ್ಟಿ, ಹಾಳೆಗಳನ್ನು ಬಟ್ಟೆ ಕ್ಲಿಪ್ಪು ಹಾಕಿ ತೂಗುಬಿಟ್ಟೆ. ಕೆಲವರು "ಈ ಸಲ ಪ್ರಾಜೆಕ್ಟ್ ಇಲ್ವಾ ಮಿಸ್?" ಎಂದು ಕೇಳಿದರು, ಒಬ್ಬಿಬ್ಬರು ಅಕ್ಷರ ನೋಡಿ ಮುಖ ಕಿವುಚಿದರು. ಗಾರ್ಮೆಂಟ್ಸಿನ ತಾಯಿ ಅರ್ಧ ದಿನ ರಜೆ ಹಾಕಿ ಕೊನೆಗೆ ಬಂದಳು. ಮಗಳ ಹಾಳೆಯ ಮುಂದೆ ನಿಂತು, ಬೆರಳಿಟ್ಟು, ಒಂದೊಂದೇ ಸಾಲು ಓದಿದಳು. ಆಮೇಲೆ ನನ್ನ ಕಡೆ ತಿರುಗಿ, "ಪೆನ್ನು ಕೊಡ್ತೀರಾ ಮೇಡಂ? ಹೋದ ವಾರದಿಂದ ಟೈಮು ಬದಲಾಗಿದೆ, ಈಗ ಮೂರು ಗಂಟೆಗೇ ಬಿಡ್ತಾರೆ" ಎಂದು ನಾಲ್ಕೂವರೆಯನ್ನು ಹೊಡೆದುಹಾಕಿ ಮೂರು ಎಂದು ಬರೆದಳು.