ಮೊಜಾರ್ಟನ ಮೊದಲ ಸಿಂಫನಿ: ಕೇಳುವ ಬಗೆ

ಮೊಜಾರ್ಟ್ ತನ್ನ ಮೊದಲ ಸಿಂಫನಿಯನ್ನು ಬರೆದದ್ದು 1764ರಲ್ಲಿ, ಲಂಡನ್ ಬಳಿಯ ಚೆಲ್ಸಿಯಲ್ಲಿ. ಆಗ ಅವನಿಗೆ 8 ವರ್ಷ. ಇಷ್ಟು ತಿಳಿದ ಕೂಡಲೇ ನಮ್ಮ ಗಮನ ಸಂಗೀತವನ್ನು ಬಿಟ್ಟು ವಯಸ್ಸಿನ ಕಡೆ ಹರಿಯುತ್ತದೆ. ಹೊಸ ಕೇಳುಗರು ಮೊದಲು ದಾಟಬೇಕಾದದ್ದು ಈ ಅಚ್ಚರಿಯನ್ನೇ. ಎದುರುಬದುರಾದ ಭಾವಗಳನ್ನು ಅಕ್ಕಪಕ್ಕ ಇಟ್ಟು ತೂಗುವ ಕೌಶಲವೇ ಈ ಪುಟ್ಟ ಕೃತಿಯ ಸತ್ವ. ಆರಂಭವನ್ನೇ ಗಮನಿಸಿ: ಎಲ್ಲ ವಾದ್ಯಗಳೂ ಒಟ್ಟಾಗಿ ಇ-ಫ್ಲ್ಯಾಟ್ ಮೇಜರಿನ ಸ್ವರಗಳನ್ನು ಮೂರು ಬಾರ್‌ಗಳಲ್ಲಿ (ತಾಳದ ಆವರ್ತಗಳಲ್ಲಿ) ಗಟ್ಟಿಯಾಗಿ ಸಾರುತ್ತವೆ; ಒಡನೆಯೇ ಎಂಟು ಬಾರ್‌ಗಳ ಕಾಲ ದೀರ್ಘ ಸ್ವರಗಳು ಮೆಲ್ಲಗೆ ಒಂದಕ್ಕೊಂದು ಒರಗಿ, ತುಸು ಕರ್ಕಶವಾಗಿ, ಮತ್ತೆ ತಿಳಿಯಾಗುತ್ತವೆ. ಈ ಜೋಡಿ ಇನ್ನೊಮ್ಮೆ ಬರುತ್ತದೆ. ಘೋಷಣೆ ಚಿಕ್ಕದು, ಅದರ ಬೆನ್ನಿಗೆ ಬರುವ ಧ್ಯಾನ ದೊಡ್ಡದು. ಕೃತಿಯ ಮನೋಧರ್ಮ ಈ ಅಸಮ ಅಳತೆಯಲ್ಲೇ ಇದೆ.

ರಾಗದ ಎಳೆ ಹಿಡಿದು ಸಾಗುವ ರೂಢಿಯಿರುವವರಿಗೆ ಎರಡನೆಯ ಭಾಗವಾದ ಆಂಡಾಂಟೆ ಬರಿದೆನಿಸಬಹುದು, ಏಕೆಂದರೆ ಗುನುಗಿಕೊಳ್ಳುವಂಥ ಧಾಟಿ ಅಲ್ಲಿ ಕಡಿಮೆ. ಸಿ ಮೈನರಿನ ಆ ಭಾಗದಲ್ಲಿ ಮೇಲಿನ ಪಿಟೀಲುಗಳು ತಿಶ್ರದಲ್ಲಿ ಮಿಡಿಯುತ್ತವೆ, ಕೆಳಗಿನ ತಂತಿವಾದ್ಯಗಳು ಎರಡೆರಡಾಗಿ ಹೆಜ್ಜೆ ಇಡುತ್ತವೆ. ರಸ ಹುಟ್ಟುವುದು ಈ ಎರಡು ನಡೆಗಳ ತಿಕ್ಕಾಟದಲ್ಲಿ. ಆದ್ದರಿಂದ ಒಂದು ಸಲ ಕೆಳದನಿಯನ್ನಷ್ಟೇ ಹಿಂಬಾಲಿಸಿ, ಇನ್ನೊಂದು ಸಲ ಹಾರ್ನುಗಳನ್ನು. ಹಾರ್ನುಗಳು ಊದುವ ನಾಲ್ಕು ದೀರ್ಘ ಸ್ವರಗಳ ಮಾದರಿಯೇ ಮೊಜಾರ್ಟನದೇ ಆದ 1788ರ ಜುಪಿಟರ್ ಸಿಂಫನಿಯ ಕೊನೆಯ ಭಾಗಕ್ಕೆ ಬುನಾದಿಯಾಯಿತು. ಇದನ್ನು ಭವಿಷ್ಯವಾಣಿಯೆಂದು ಹಿಗ್ಗಿಸಬೇಕಿಲ್ಲ. ಆ ಕಾಲದ ಸಂಗೀತಗಾರರೆಲ್ಲರ ಬಳಕೆಯಲ್ಲಿದ್ದ ಮಾದರಿ ಅದು. ಇಷ್ಟು ಬಿಗಿಯ ನಂತರ ಬರುವ ಚುಟುಕಾದ ಕೊನೆಯ ಭಾಗ ಪ್ರೆಸ್ಟೋ ಮತ್ತೆ ಬೆಳಕಿಗೆ ಮರಳಿ ತೂಕ ಸರಿಹೊಂದಿಸುತ್ತದೆ.

ಇದೆಲ್ಲ ಅನುಕರಣೆಯಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಲಂಡನ್ನಿನಲ್ಲಿದ್ದ ಸಂಯೋಜಕರಾದ ಯೋಹಾನ್ ಕ್ರಿಶ್ಚಿಯನ್ ಬಾಖ್ ಮತ್ತು ಆಬೆಲ್ ಅವರ ಶೈಲಿ ಇಲ್ಲಿ ಎದ್ದು ಕಾಣುತ್ತದೆ; ಹಸ್ತಪ್ರತಿಯಲ್ಲಿ ತಂದೆ ಲಿಯೋಪೋಲ್ಡನ ತಿದ್ದುಪಡಿಗಳೂ ಇವೆ. ಬಾಲಕ ಪ್ರತಿ ಮಾಡಿಕೊಂಡಿದ್ದ ಆಬೆಲ್‌ನ ಸಿಂಫನಿಯೊಂದು ಬಹುಕಾಲ ಮೊಜಾರ್ಟನ ಮೂರನೆಯ ಸಿಂಫನಿ ಎಂದೇ ಎಣಿಕೆಯಲ್ಲಿತ್ತು. ಆದರೆ ಆ ಶತಮಾನದಲ್ಲಿ ಎಲ್ಲರೂ ಒಂದೇ ನುಡಿಗಟ್ಟಿನಲ್ಲಿ ಬರೆಯುತ್ತಿದ್ದರು, ಪ್ರತಿ ಮಾಡುವುದೇ ಕಲಿಕೆಯಾಗಿತ್ತು. ಹಾಗಿರುವಾಗ ನುಡಿಗಟ್ಟು ಯಾರದೆಂದು ಕೇಳಿ ಪ್ರಯೋಜನವಿಲ್ಲ. ಎಲ್ಲಿ ತಡೆದ, ಎಲ್ಲಿ ಬಿಟ್ಟ, ಸದ್ದಿನ ನಂತರ ಎಷ್ಟು ಹೊತ್ತು ಮೆಲುದನಿಯನ್ನು ನಿಲ್ಲಿಸಿದ ಎಂದು ಕೇಳಬೇಕು. ಈ ಪ್ರಶ್ನೆಗಳನ್ನು ಇಲ್ಲಿ ರೂಢಿಸಿಕೊಂಡವರಿಗೆ ಹೈಡನ್ ಮತ್ತು ಬೀಥೋವನ್‌ರ ದೊಡ್ಡ ಸಿಂಫನಿಗಳ ಬಾಗಿಲೂ ಇದೇ ಕೀಲಿಯಿಂದ ತೆರೆಯುತ್ತದೆ.